ಹಿಂಮುಳ್ಳು

ಹೊತ್ತು ಹುಟ್ಟದ ಜನವರಿ.
ಫಿನ್‌ಮಾರ್ಕ್‌ನ ತುದಿಯಲ್ಲಿ, ಬಂದರಿನ ಮೇಲಿನ
ಈ ಎರಡು ಕೋಣೆಯ ದವಾಖಾನೆಯಲ್ಲಿ
ದೀಪ ಆರಿಸಿದ್ದು ನನಗೆ ನೆನಪಿಲ್ಲ.

ಹೊರಗಿನದು ಒಳಗೆ ಹೊಕ್ಕರೆ
ಜನ ನನ್ನ ಬಳಿ ಬರುತ್ತಾರೆ.
ಡಾಕ್ಟರು ಗುರುವಾರ ಮಾತ್ರ,
ಅದೂ ವಿಮಾನ ಇಳಿದರೆ.

ಮೊನ್ನೆ ಟುವಾ, ನಾಲ್ಕು ವರ್ಷ,
ಮೂಗಿನಲ್ಲಿ ಬಟಾಣಿ.
ಚಿಮಟ ಎತ್ತಿದೆನೋ ಇಲ್ಲವೋ
ಬಂದರಿಗೆಲ್ಲ ಕೇಳುವ ಹಾಗೆ ಕಿರುಚಿದಳು.
ಕೆಳಗಿಟ್ಟೆ. ಅವಳಮ್ಮನಿಗೆ ಹೇಳಿದೆ:
ಮುತ್ತು ಕೊಡುವವಳಂತೆ ಬಾಯಿಗೆ ಬಾಯಿ ಇಡು,
ಖಾಲಿ ಹೊಳ್ಳೆ ಒತ್ತಿ ಹಿಡಿ,
ಊದು, ಒಂದೇ ಸಲ, ಜೋರಾಗಿ.
ಬಟಾಣಿ ಹಾರಿ ಅಮ್ಮನ ಕೆನ್ನೆಗೆ ಅಂಟಿತು
ಸಿಂಬಳ ಸಮೇತ.
ತೊಳೆದು ವಾಪಸು ಕೊಡಬೇಕಾಯಿತು;
ಅದು ತನ್ನದು ಎಂದಳು ಟುವಾ.

ಗಂಟಲಲ್ಲಿ ಮೀನಿನ ಮುಳ್ಳು ಎಂದು ಬರುವವರು ಬಹಳ.
ಬೆಳಕು ಬಿಟ್ಟು ನೋಡಿದರೆ ಮುಳ್ಳಿರುವುದಿಲ್ಲ,
ಆಗಲೇ ಇಳಿದುಹೋಗಿರುತ್ತದೆ. ಗೀರು ಮಾತ್ರ.
ಗೀರೂ ಮುಳ್ಳಿನಂತೆಯೇ ಚುಚ್ಚುತ್ತದೆ, ಎರಡು ದಿನ.
ಇಲ್ಲದ್ದನ್ನು ಹಿಡಿಯುವ ಇಕ್ಕಳ
ನನ್ನ ಪೆಟ್ಟಿಗೆಯಲ್ಲಿಲ್ಲ.

ಇವತ್ತು ಇಂಗೆಬ್ರಿಕ್ಟ್.
ಎಂಬತ್ತರ ಹತ್ತಿರ. ಕಡಲು ಬಿಟ್ಟ ಮೇಲೂ
ಶೆಡ್ಡಿನಲ್ಲಿ ಕೂತು ಉದ್ದ ಹಗ್ಗದ ಗಾಳಗಳಿಗೆ
ಎರೆ ಸಿಕ್ಕಿಸುತ್ತಾನೆ, ದಿನಕ್ಕೆ ಸಾವಿರ.
ಸಾವಿರದಲ್ಲಿ ಒಂದು ಅವನನ್ನೇ ಹಿಡಿದಿತ್ತು,
ಹೆಬ್ಬೆರಳ ಬುಡದ ಮೆತ್ತನೆ ಜಾಗದಲ್ಲಿ.
ಅರ್ಧ ಬಂಗುಡೆ ಇನ್ನೂ ನೇತಾಡುತ್ತಿತ್ತು.
"ಕೆಳಗೆ ಮೀನು ನಗುತ್ತಿರಬೇಕು" ಎಂದ.

ಹೋದ ದಾರಿಯಲ್ಲಿ ವಾಪಸು ಬಾರದ ಹಾಗೆ
ಮಾಡಿಟ್ಟಿದ್ದಾರೆ ಅದನ್ನು. ಹಿಂಮುಳ್ಳು.
ಎಳೆದಷ್ಟೂ ಕಚ್ಚುತ್ತದೆ.
ಮುಳ್ಳಿನಿಂದಲೇ ಮುಳ್ಳು ತೆಗೆಯೋಣವೆಂದರೆ
ಈ ತೀರದಲ್ಲಿ ಗಿಡವೆಂಬುದೇ ಇಲ್ಲ.
ಹುರಿ ಇದೆ.
ಕೊಕ್ಕೆಯ ಬಾಗಿಗೆ ಹುರಿಯ ಕುಣಿಕೆ ಹಾಕಿ
ಕೈಯನ್ನು ಮೇಜಿಗೆ ಊರಿಸಿ
ಕೊಕ್ಕೆಯ ಕಾಲನ್ನು ಬೆರಳಿಂದ ಕೆಳಗೊತ್ತಬೇಕು,
ಇನ್ನಷ್ಟು ಒಳಗೇ ಹೋಗು ಎನ್ನುವಂತೆ.
ಆಗ ಮುಳ್ಳು ಮಾಂಸದ ಹಿಡಿತ ಬಿಡುತ್ತದೆ.
ಆಮೇಲೆ ಒಂದೇ ಜಗ್ಗು.
ಮೂರರ ತನಕ ಎಣಿಸುವೆನೆಂದು ಹೇಳಿ
ಎಣಿಸಲೇಬಾರದು.
"ಬೆಕ್ಕಿನ ಹೆಸರೇನು ನಿನ್ನದು?" ಎಂದೆ.
"ಸ್ಕ್ರೆ..."
ಕೊಕ್ಕೆ ಗೋಡೆಗೆ ಬಡಿದು ಠಣ್ ಎಂದಿತು.

ಧನುರ್ವಾಯುವಿನ ಸೂಜಿಗೆ ತೋಳು ಮಡಿಸಿದ.
ಮೊಣಕೈಗಿಂತ ಕೆಳಗೆ, ತೊಗಲಿನಡಿ,
ನೀಲಿ ಕಪ್ಪು ಗಂಟೊಂದು. ಮುಟ್ಟಿದೆ. ಗಟ್ಟಿ.
ಮುಟ್ಟಿದರೆ ಸರಿಯಿತು.

"ಅದು ನಲವತ್ತಾರರದು" ಎಂದ.
ಸೈನ್ಯ ಹಿಂದೆ ಸರಿಯುವಾಗ ಮನೆ ಮನೆ ಸುಟ್ಟಿತ್ತು.
ಸುಡಲಾಗದ ನೆಲದಲ್ಲಿ ಸಿಡಿಗುಂಡು ಹೂತು ಹೋಗಿತ್ತು.
ಎರಡು ಬೇಸಿಗೆ ಕಳೆದ ಮೇಲೆ, ಆಗಸ್ಟು,
ಜೌಗಿನ ಹಳದಿ ಹಣ್ಣು ಆರಿಸಲು ಇಬ್ಬರೂ ಹೋದರು.
ಇವನಿಗೆ ಎಂಟು. ಹಾರ್ಟ್ವಿಕ್‌ಗೆ ಹನ್ನೆರಡು.
ದೊಡ್ಡ ಡಬ್ಬಿ ಅವನ ಕೈಲಿ.
ಅವನು ಮುಂದಿದ್ದ.

ನಾನು ಗುರುವಾರದ ಮಾತೆತ್ತಿದೆ.
ಮೇಲೆಯೇ ಇದೆ, ಮರಗಟ್ಟಿಸಿ ತೆಗೆಯಬಹುದು,
ಐದು ನಿಮಿಷದ ಕೆಲಸ.

ಅವನು ತೋಳು ಇಳಿಸಿ ಗುಂಡಿ ಹಾಕಿಕೊಂಡ,
ನೋಯುವ ಹೆಬ್ಬೆರಳಿಂದಲೇ, ನಿಧಾನವಾಗಿ.
"ಮೊದಲು ಭುಜದ ಹತ್ತಿರ ಇತ್ತು.
ವರ್ಷಕ್ಕೆ ಎಳ್ಳಷ್ಟು ನಡೆದು ಇಲ್ಲಿಗೆ ಬಂತು.
ಬರುವುದಾದರೆ ಅದೇ ಬರಲಿ."
ಸ್ವಲ್ಪ ಬಿಟ್ಟು ಅಂದ:
"ಅವನನ್ನು ಹಾದು ಬಂದದ್ದು ಅದು."

ಫಾರ್ಮಿನಲ್ಲಿ ಒಂದು ಸಾಲಿದೆ:
ಒಳಸೇರಿದ ಪರವಸ್ತುಗಳು, ಎಷ್ಟು?
ಒಂದು, ಎಂದು ಬರೆದೆ.

ಕೊಕ್ಕೆ ಬೀರುವಿನ ಅಡಿ ಸಿಕ್ಕಿತು.
ಕೈಚಾಚಿ ಇಸಿದುಕೊಂಡ; ಹಗ್ಗಕ್ಕೆ
ಒಂದು ಕಡಿಮೆ ಬೀಳುತ್ತದಂತೆ.
ಟೋಪಿಯ ಅಂಚಿಗೆ ಸಿಕ್ಕಿಸಿ
ಬಾಗಿಲಾಚೆಯ ಕತ್ತಲಿಗೆ ಒಂದು ಕಾಲಿಟ್ಟು ತಿರುಗಿದ.

"ಸ್ಕ್ರೆಡರ್" ಎಂದ.
"ಬೆಕ್ಕು. ಸ್ಕ್ರೆಡರ್ ಅಂದರೆ ದರ್ಜಿ.
ಏನು ಹರಿದರೂ ಬಂದು ಅದರ ಮೇಲೆಯೇ ಮಲಗುತ್ತದೆ."